ಏರಿಯಲ್ ತಂತಿ, ಉಪ್ಪುಗಾಳಿ ಮತ್ತು ಒಂದು ಕೊಡ ನೀರು

ಪತ್ತನಾಜೆ ಹತ್ತಿರ ಬಂತೆಂದರೆ ಸಂಜೆ ಘಟ್ಟದ ಕಡೆ ಮೋಡ ಕಪ್ಪಾಗುತ್ತದೆ. ಮೊದಲ ಗುಡುಗು ಕೇಳಿದ್ದೇ ತಡ, ಅಮ್ಮ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತಾರೆ. ಕೇಳಿದರೆ, "ನನ್ನ ಅಪ್ಪ ಕಲಿಸಿದ್ದು ಮಾರಾಯ" ಅನ್ನುತ್ತಾರೆ.

ಅಜ್ಜನ ಹತ್ತಿರ ವಾಲ್ವ್ ರೇಡಿಯೋ ಇತ್ತಂತೆ. ಆಗ ಮಂಗಳೂರಿಗೆ ಸ್ವಂತ ನಿಲಯವಿರಲಿಲ್ಲ. 1950ರ ಧಾರವಾಡ, 1955ರ ಬೆಂಗಳೂರು ನಿಲಯಗಳನ್ನು ಘಟ್ಟದಾಚೆಯಿಂದ ಹಿಡಿಯಬೇಕು. ಅದಕ್ಕೆ ಹಂಚಿನ ಮಾಡಿನಿಂದ ತೆಂಗಿನ ಮರದವರೆಗೆ ಏರಿಯಲ್ ತಂತಿ, ಎರಡೂ ತುದಿಗೆ ಪಿಂಗಾಣಿ ತುಂಡು. ನಮ್ಮೂರ ಮನೆಗಳ ಮಟ್ಟಿಗೆ ಬಯಲಲ್ಲಿ ನಿಂತ ಮೊದಲ ರೇಡಿಯೋ ಸಲಕರಣೆ ಅದೇ ಇರಬೇಕು! ಉಪ್ಪುಗಾಳಿಗೆ ತಾಮ್ರ ಹಸಿರಾಗುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅಜ್ಜ ತಂತಿ ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕಿ ಮತ್ತೆ ಕಟ್ಟುತ್ತಿದ್ದರು. ಕಿಟಕಿಯೊಳಗೆ ಬರುವ ಮೊದಲು ತಂತಿಯನ್ನು ಸ್ವಲ್ಪ ಕೆಳಗೆ ಜೋಲುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಗುಡುಗಿದರೆ ಸ್ವಿಚ್ ತಿರುಗಿಸಿ ತಂತಿಯನ್ನು ಭೂಮಿಗೆ ಸೇರಿಸುವುದು. ಇಷ್ಟೇ ಅವರ ಇಂಜಿನಿಯರಿಂಗ್.

1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಶುರುವಾಯಿತು. ಸ್ಟುಡಿಯೋ ಕದ್ರಿ ಗುಡ್ಡದಲ್ಲಿ, 1089 ಕಿಲೋಹರ್ಟ್ಸಿನ ಪ್ರೇಷಕ ಉಡುಪಿಯಾಚೆ ಬ್ರಹ್ಮಾವರದಲ್ಲಿ. ಅಜ್ಜನ ತಂತಿಗೆ ನಿವೃತ್ತಿ. ಮಳೆಯಲ್ಲಿ ನೆನೆಯುವ ಕೆಲಸ ಈಗ ದೊಡ್ಡ ಕಂಬಕ್ಕೆ.

ಮೀಡಿಯಂ ವೇವ್‌ನಲ್ಲಿ ಸಾಮಾನ್ಯವಾಗಿ ಕಂಬವೇ ಏರಿಯಲ್. ಅದನ್ನು ಪಿಂಗಾಣಿಯ ಮೇಲೆ ನಿಲ್ಲಿಸಿ, ಬುಡದಲ್ಲಿ ಎರಡು ಲೋಹದ ಗುಂಡುಗಳ ನಡುವೆ ಸಣ್ಣ ಸಂದು ಬಿಡುತ್ತಾರೆ. ಸಿಡಿಲು ಬಡಿದರೆ ಆ ಸಂದನ್ನು ಹಾರಿ ನೆಲಕ್ಕಿಳಿಯುತ್ತದೆ. ಸುತ್ತ ಮಣ್ಣಿನೊಳಗೆ ತಾಮ್ರದ ತಂತಿ ಹರಡಿರುತ್ತದೆ. ತಮಾಷೆ ನೋಡಿ, ಕಬ್ಬಿಣ ತಿನ್ನುವ ಅದೇ ಉಪ್ಪು, ಅದೇ ತೇವ ಮಣ್ಣಲ್ಲಿದ್ದರೆ ಮೀಡಿಯಂ ವೇವ್ ಇನ್ನಷ್ಟು ದೂರ ಹೋಗುತ್ತದೆ!

ಭಾರತಕ್ಕೆ ಮೊಬೈಲ್ ಬಂದದ್ದು 1995ರಲ್ಲಿ. ಆಮೇಲೆ ನಮ್ಮ ಗುಡ್ಡಗಳ ಮೇಲೂ ಟವರುಗಳೆದ್ದವು. ಇಲ್ಲಿ ಲೆಕ್ಕ ತಿರುಗಾಮುರುಗಾ. ಗುಡ್ಡವೆಂದರೆ ಮುರಕಲ್ಲು. ಏಪ್ರಿಲ್-ಮೇ ತಿಂಗಳಲ್ಲಿ ಅದು ಒಣಗಿ ಕರೆಂಟನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಸಿಡಿಲಿನ ಕಾಟ ಜೋರಾಗುವುದೂ ಆಗಲೇ! ಅದಕ್ಕೇ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಮೇಲಿಂದ ನೀರು ಹೊಯ್ಯುವುದು. ಆ ಉಪ್ಪು ಒಳಗಿನ ಕಬ್ಬಿಣದ ಪೈಪನ್ನೇ ತಿನ್ನುತ್ತದೆ ಎಂಬುದು ಬೇರೆ ಮಾತು.

ಆಮೇಲೆ ಮಳೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು. ಟವರಿನ ಮೇಲಿನ ಪೆಟ್ಟಿಗೆಗಳಲ್ಲಿ ಐಪಿ 65 ಅಂತೆಲ್ಲ ಬರೆದಿರುತ್ತದೆ. 6 ಅಂದರೆ ಧೂಳು ಒಳಹೋಗದು, 5 ಅಂದರೆ ನೀರು ಚಿಮ್ಮಿಸಿದರೂ ತಡೆಯುತ್ತದೆ. ಈ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡದ ಮೊದಲ ಆವೃತ್ತಿ ಬಂದದ್ದೂ ನಮ್ಮ ಆಕಾಶವಾಣಿ ಹುಟ್ಟಿದ 1976ರಲ್ಲೇ. ಆದರೆ ಪರೀಕ್ಷೆ ನಡೆಯುವುದು ಹೊಸ ಪೆಟ್ಟಿಗೆಯ ಮೇಲೆ, ಕೆಲವೇ ನಿಮಿಷ. ನಮ್ಮ ಮಳೆ ನಾಲ್ಕು ತಿಂಗಳು. ಅಷ್ಟರಲ್ಲಿ ರಬ್ಬರ್ ಬಿರಿಯುತ್ತದೆ, ಬೋಲ್ಟ್ ತುಕ್ಕು ಹಿಡಿಯುತ್ತದೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಸಾಗಿದಾಗ ಮೂಲ್ಕಿ ಕಡಲಿನ ಬಂಡೆಗೆ ಸಿಕ್ಕಿಬಿದ್ದ ಟಗ್‌ನಿಂದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಪಾರುಮಾಡಿದವು. ಅಂಥ ಹೊತ್ತಿನಲ್ಲಿ ದಡದ ಟವರು ಮೂಕವಾದರೆ?

ಇನ್ನೊಂದು ಮಳೆಗಾಲದ ಕತೆ. ನಮ್ಮ ಬೀದಿಯ ಫೋನುಗಳೆಲ್ಲ ಎರಡು ದಿನ ಸತ್ತಿದ್ದವು. ಪಕ್ಕದ ಮನೆಯ ಹುಡುಗ ಬೋಟಿನಲ್ಲಿ ಹೋಗಿದ್ದ. ಅವನ ತಾಯಿ ಫೋನ್ ಹಿಡಿದುಕೊಂಡು ಜಗಲಿಯಲ್ಲೇ ಕೂತಿದ್ದರು. ಟವರೇನೂ ಬಿದ್ದಿರಲಿಲ್ಲ. ಕೇಬಲ್ಲಿಗಂಟಿ ಇಳಿದ ನೀರು ಕನೆಕ್ಟರಿನೊಳಗೆ ಹೊಕ್ಕಿತ್ತು, ಅಷ್ಟೇ. ಯಾರೋ ಕೇಬಲನ್ನು ಸ್ವಲ್ಪ ಜೋಲುಬಿಡಲು ಮರೆತಿದ್ದರು. ಅಜ್ಜ ಮರೆಯುತ್ತಿರಲಿಲ್ಲ.

ಚಂಡಮಾರುತ ಬಂದರೆ ಪೇಪರಿನಲ್ಲಿ ಸುದ್ದಿಯಾಗುತ್ತದೆ. ನಮ್ಮ ಟವರುಗಳನ್ನು ಮೆಲ್ಲಗೆ ಕೊಲ್ಲುವುದು ಮಾತ್ರ ವರ್ಷ ವರ್ಷ ಬರುವ ಮಾಮೂಲು ಮಳೆ, ಮಾಮೂಲು ಉಪ್ಪುಗಾಳಿ. ಅದಕ್ಕೆ ಮದ್ದು ಮಳೆಗೆ ಮುಂಚೆ ಒಮ್ಮೆ ಮೇಲೆ ಹತ್ತಿ ನೋಡುವ ಮನುಷ್ಯ.

ಅಮ್ಮ ಈಗಲೂ ಬೇಸಿಗೆಯಲ್ಲಿ ಮನೆ ಹಿಂದಿನ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹೊಯ್ಯುತ್ತಾರೆ. ನಿಮ್ಮಲ್ಲಿ ಹೇಗೆ? ಏರಿಯಲ್ ಕಟ್ಟುತ್ತಿದ್ದ ಹಿರಿಯರು ನಿಮ್ಮ ಮನೆಯಲ್ಲೂ ಇದ್ದರಾ? ನೆನಪಿದ್ದರೆ ಬರೆಯಿರಿ.