ಋತುಮಾನದ ನದಿ, ಅಳತೆಯ ನೀರು: ಕಾವೇರಿ ನಿಯಂತ್ರಣದ ಒಂದು ಪರಿಸರ ಚರಿತ್ರೆ

ಕನ್ನಂಬಾಡಿ ಕಟ್ಟೆಯ ಚರಿತ್ರೆಯನ್ನು ಮಂಡ್ಯದ ಗದ್ದೆಗಳ ಹಸಿರಿನೊಂದಿಗೆ ಜೋಡಿಸಿ ಹೇಳುವುದು ರೂಢಿ. ಆದರೆ ಮೈಸೂರು ಸಂಸ್ಥಾನದಲ್ಲಿ ಕಾವೇರಿಯ ಹರಿವನ್ನು ವರ್ಷವಿಡೀ ಸಮನಾಗಿಸಬೇಕೆಂಬ ಒತ್ತಡ ಗದ್ದೆಗಳಿಂದಷ್ಟೇ ಬಂದುದಲ್ಲ. ಕಾವೇರಿಯ ಕಣಿವೆಗೇ ಸೇರದ ಕೋಲಾರದ ಚಿನ್ನದ ಗಣಿಗಳಿಂದಲೂ ಬಂದಿತು.

ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆಯಂತಹ ಹಳೆಯ ರಚನೆಗಳು ನದಿಯನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ. ಮಟ್ಟವನ್ನು ತುಸು ಏರಿಸಿ ಒಂದು ಪಾಲನ್ನು ನಾಲೆಗೆ ತಿರುಗಿಸುತ್ತಿದ್ದವು. ಮಿಕ್ಕದ್ದು ಕಟ್ಟೆಯ ಮೇಲೆ ಹರಿದುಹೋಗುತ್ತಿತ್ತು. ನದಿ ಸೊರಗಿದರೆ ನಾಲೆಯೂ ಸೊರಗುತ್ತಿತ್ತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಗಣಿಗಳಿಗೆ ಹರಿದಾಗ ಈ ಸಂಬಂಧ ಬದಲಾಯಿತು. ಗಣಿಯ ಯಂತ್ರಗಳಿಗೆ ಮಳೆಗಾಲ, ಬೇಸಿಗೆ ಎಂಬ ಭೇದವಿರಲಿಲ್ಲ. ಬೇಸಿಗೆಯಲ್ಲಿ ಇಳಿಯುವ ಹರಿವು ರೈತನಿಗೆ ಪ್ರಕೃತಿಯ ಕ್ರಮವಾಗಿದ್ದರೆ, ವಿದ್ಯುದಾಗಾರಕ್ಕೆ ಅದು ಕೊರತೆಯಾಗಿ ಕಂಡಿತು.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಈ ಕೊರತೆಗೂ ನೀರಾವರಿಯ ಬೇಡಿಕೆಗೂ ಒಟ್ಟಾಗಿ ನೀಡಿದ ಉತ್ತರ. ಮದರಾಸು ಸರ್ಕಾರದ ಆಕ್ಷೇಪ, 1914ರ ಪಂಚಾಯಿತಿ ತೀರ್ಪು, 1924ರ ಒಪ್ಪಂದ ಇವುಗಳ ಮೂಲಕ ನದಿಯು ಅಡಿ ಮತ್ತು ಘನ ಅಡಿಗಳ ಲೆಕ್ಕಕ್ಕೆ ಒಳಪಟ್ಟಿತು. ಮಂಡ್ಯದ ಬಯಲಿನಲ್ಲಿ ಭತ್ತ, ಕಬ್ಬು ಹಬ್ಬಿದವು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಗೊಂಡಿತು. ಇತ್ತ ಕನ್ನಂಬಾಡಿ ಗ್ರಾಮ ಮುಳುಗಿತು. ಬರಗಾಲದಲ್ಲಿ ನೀರಿನಿಂದ ಮೇಲೇಳುತ್ತಿದ್ದ ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯವನ್ನು ಮುಂದೆ ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಡದಲ್ಲಿ ಮರುನಿರ್ಮಿಸಲಾಯಿತು. ಊರಿನ ಹೊಲ, ಗಡಿ, ಕಾಲುದಾರಿಗಳಿಗೆ ಅಂತಹ ಮರುನಿರ್ಮಾಣ ಸಾಧ್ಯವಿರಲಿಲ್ಲ.

ಈ ಪಲ್ಲಟದ ಗುರುತುಗಳು ಜನಪದರ ಬದುಕಿನಲ್ಲಿ ಇಂದಿಗೂ ಉಳಿದಿವೆ. ಮಳೆಯ ನಕ್ಷತ್ರಗಳನ್ನು ನೋಡಿ ಬೇಸಾಯ ಹೂಡುತ್ತಿದ್ದ ಸೀಮೆಯಲ್ಲಿ ‘ನಾಲೆಗೆ ನೀರು ಬಿಡುವ ದಿನ’ ಎಂಬ ಮತ್ತೊಂದು ಕಾಲಗಣನೆ ಸೇರಿಕೊಂಡಿತು. ಮೈದುಂಬಿದ ನದಿಗೆ ಹೆಣ್ಣುಮಕ್ಕಳು ಅರ್ಪಿಸುವ ಬಾಗಿನ, ಜಲಾಶಯ ತುಂಬಿದಾಗ ಮುಖ್ಯಮಂತ್ರಿಗಳು ಸಲ್ಲಿಸುವ ರಾಜ್ಯದ ಆಚರಣೆಯೂ ಆಯಿತು. ಆದರೂ ಜನ ಈ ಬೃಹತ್ ರಚನೆಯನ್ನು ಕೃಷ್ಣರಾಜಸಾಗರ ಎನ್ನುವುದಕ್ಕಿಂತ ಹೆಚ್ಚಾಗಿ ಕನ್ನಂಬಾಡಿ ಕಟ್ಟೆ ಎಂದೇ ಕರೆಯುತ್ತ ಬಂದರು. ಮುಳುಗಿದ ಊರಿನ ಹೆಸರು ಅದನ್ನು ಮುಳುಗಿಸಿದ ಕಟ್ಟೆಗೇ ಅಂಟಿಕೊಂಡಿದೆ.

ಕಾವೇರಿಯ ವ್ಯಾಜ್ಯವನ್ನು ಎರಡು ರಾಜ್ಯಗಳ ರೈತರ ಸ್ಪರ್ಧೆಯೆಂದು ಮಾತ್ರ ಓದುವವರು ಈ ಹಿನ್ನೆಲೆಯನ್ನು ಗಮನಿಸಬೇಕು. ನದಿಗೆ ಋತುಧರ್ಮವಿದೆ ಎಂಬ ತಿಳಿವಳಿಕೆಯನ್ನು ಬದಿಗೊತ್ತಿ, ನಿತ್ಯವೂ ಸಮನಾಗಿ ಹರಿಯುವುದೇ ನದಿಯ ಕರ್ತವ್ಯವೆಂಬ ನಿರೀಕ್ಷೆಯನ್ನು ರೂಪಿಸುವಲ್ಲಿ ಉದ್ಯಮದ ಪಾಲು ದೊಡ್ಡದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ನಿರೀಕ್ಷೆಯ ಭಾರವನ್ನು ಹೊರುವವರು ಮಾತ್ರ ನದಿಯ ಎರಡೂ ತುದಿಗಳ ಬೇಸಾಯಗಾರರು.