ಅಮಾವಾಸ್ಯೆ, ಹುಣ್ಣಿಮೆ ಮತ್ತು ಪರ್ವತಿಥಿಗಳು: ಚಂದ್ರನ ಕಲೆಗಳಿಗೆ ಜೈನಧರ್ಮದಲ್ಲಿ ಏನು ಅರ್ಥ?

ಅಮಾವಾಸ್ಯೆ ಬಂತೆಂದರೆ ಪೇಟೆ ಬೀದಿಯಲ್ಲಿ ಅಂಗಡಿಗಳ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಾರೆ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರೆ. ಈ ಸಾಲಿನಲ್ಲಿ ನಮ್ಮ ಶ್ರಾವಕರ ಅಂಗಡಿಗಳೂ ಇವೆ. ಅಮಾವಾಸ್ಯೆಯಂದು ಹುಟ್ಟಿದ ಮಗುವಿಗೆ ಶಾಂತಿ ಮಾಡಿಸಬೇಕೇ, ಹುಣ್ಣಿಮೆ ರಾತ್ರಿ ಜಪ ಮಾಡಿದರೆ ಸಾಲ ತೀರುತ್ತದೆಯೇ ಎಂದು ಬಸದಿಗೆ ಬಂದವರು ಕೇಳುವುದುಂಟು. ತಿಥಿಗಳಿಗೆ ನಮ್ಮ ಧರ್ಮದಲ್ಲಿ ದೊಡ್ಡ ಸ್ಥಾನವಿದೆ. ಆದರೆ ಅದು ಯಾವ ಕಾರಣಕ್ಕೆ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು.

ತಿಥಿ ಎಂದರೇನು?

ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಇಂತಹ 30 ತಿಥಿಗಳು ಸೇರಿ ಒಂದು ಚಾಂದ್ರಮಾಸ, ಅಂದರೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಚಂದ್ರನ ವೇಗ ಒಂದೇ ಸಮನೆ ಇರುವುದಿಲ್ಲ. ಆದ್ದರಿಂದ ಒಂದು ತಿಥಿ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಇರಬಹುದು. ತಿಥಿಕ್ಷಯ, ತಿಥಿವೃದ್ಧಿ ಬರುವುದು ಇದರಿಂದಲೇ. ಸೂರ್ಯೋದಯದ ನಂತರ ಕನಿಷ್ಠ 6 ಘಳಿಗೆ (2 ಗಂಟೆ 24 ನಿಮಿಷ) ಇರುವ ತಿಥಿಯನ್ನು ವ್ರತಕ್ಕೆ ಹಿಡಿಯುವುದು ದಿಗಂಬರ ಪದ್ಧತಿ.

ಇನ್ನೊಂದು ಗೊಂದಲ ಮಾಸದ ಹೆಸರಿನದು. ಕರ್ನಾಟಕದಲ್ಲಿ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಹೀಗಾಗಿ ಪುರಾಣಗಳು ಕಾರ್ತಿಕ ಕೃಷ್ಣ ಅಮಾವಾಸ್ಯೆ ಎನ್ನುವ ಮಹಾವೀರ ನಿರ್ವಾಣದ ದಿನ ನಮ್ಮ ಪಂಚಾಂಗದಲ್ಲಿ ಆಶ್ವಯುಜ ಬಹುಳ ಅಮಾವಾಸ್ಯೆ. ದಿನ ಒಂದೇ, ಹೆಸರು ಮಾತ್ರ ಬೇರೆ. ಶುಕ್ಲಪಕ್ಷದಲ್ಲಿ ಈ ವ್ಯತ್ಯಾಸ ಬರುವುದಿಲ್ಲ.

ಚಂದ್ರ ಕರಗುವುದಿಲ್ಲ

ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಚಂದ್ರನನ್ನು ಜ್ಯೋತಿಷ್ಕ ದೇವರಲ್ಲಿ ಎಣಿಸಿದೆ. ಜ್ಯೋತಿಷ್ಕ ದೇವರೆಂದರೆ ಆಯುಸ್ಸು ಇರುವ, ಆಯುಸ್ಸು ಮುಗಿದಾಗ ಬೇರೆ ಗತಿಗೆ ಹೋಗುವ ಸಂಸಾರಿ ಜೀವರು. ನಮ್ಮ ಕರ್ಮವನ್ನು ಬದಲಿಸುವ ಅಧಿಕಾರ ಅವರಿಗಿಲ್ಲ.

ಕಲೆಗಳು ಹೆಚ್ಚುಕಡಿಮೆಯಾಗುವುದಕ್ಕೆ ಕರಣಾನುಯೋಗ ಗ್ರಂಥಗಳು ಕೊಡುವ ಕಾರಣ, ರಾಹುವಿನ ವಿಮಾನ ದಿನಕ್ಕೊಂದು ಭಾಗದಂತೆ ಚಂದ್ರನನ್ನು ಮರೆಮಾಡುತ್ತದೆ ಎಂಬುದು. ಇಂದಿನ ಖಗೋಳ ವಿಜ್ಞಾನದ ಪ್ರಕಾರ ಸೂರ್ಯನ ಬೆಳಕು ಬಿದ್ದ ಭಾಗ ನಮಗೆ ಎಷ್ಟು ಕಾಣುತ್ತದೆ ಎಂಬುದರಿಂದ ಕಲೆಗಳು ಉಂಟಾಗುತ್ತವೆ. ವಿವರಣೆ ಬೇರೆಯಾದರೂ ಎರಡರಲ್ಲೂ ಚಂದ್ರ ಚಂದ್ರನಾಗಿಯೇ ಇರುತ್ತಾನೆ, ಕಾಣದಿರುವುದು ನಮಗೆ ಮಾತ್ರ. ಆತ್ಮದ ಅನಂತಜ್ಞಾನವೂ ಹೀಗೆಯೇ. ಜ್ಞಾನಾವರಣ ಕರ್ಮ ಅದನ್ನು ಮುಚ್ಚಬಲ್ಲದು, ನಾಶ ಮಾಡಲಾರದು.

ಅರ್ಧಚಂದ್ರ ಮತ್ತು ಚಂದ್ರಪ್ರಭ ಸ್ವಾಮಿ

ಎಂಟನೆಯ ತೀರ್ಥಂಕರ ಚಂದ್ರಪ್ರಭ ಸ್ವಾಮಿಯ ಲಾಂಛನ ಅರ್ಧಚಂದ್ರ, ವರ್ಣ ಬಿಳಿ, ಯಕ್ಷಿ ಜ್ವಾಲಾಮಾಲಿನಿ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೂಲನಾಯಕರು ಇವರೇ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೂ ಚಂದ್ರಪ್ರಭ ಬಸದಿ ಇದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಸ್ವಾಮಿಯ ಜೊತೆಗೆ ಜ್ವಾಲಾಮಾಲಿನಿ ಅಮ್ಮನವರ ಆರಾಧನೆ ನಡೆಯುತ್ತದೆ. ಜೈನ ಪ್ರತೀಕದಲ್ಲಿ ಸ್ವಸ್ತಿಕ ಮತ್ತು ರತ್ನತ್ರಯದ ಮೂರು ಬಿಂದುಗಳ ಮೇಲಿರುವ ಅರ್ಧಚಂದ್ರಾಕಾರ ಸಿದ್ಧಶಿಲೆಯನ್ನು ಸೂಚಿಸುತ್ತದೆ.

ನಮ್ಮ ಪರ್ವತಿಥಿಗಳು

• ಪ್ರತಿ ತಿಂಗಳು ಎರಡು ಅಷ್ಟಮಿ, ಎರಡು ಚತುರ್ದಶಿ: ಪ್ರೋಷಧೋಪವಾಸದ ದಿನಗಳು.
• ಚೈತ್ರ ಶುಕ್ಲ ತ್ರಯೋದಶಿ: ಮಹಾವೀರ ಜಯಂತಿ.
• ವೈಶಾಖ ಶುಕ್ಲ ತೃತೀಯಾ: ಅಕ್ಷಯ ತದಿಗೆ. ಶ್ರೇಯಾಂಸ ರಾಜನು ವೃಷಭನಾಥ ಮುನಿಗೆ ಕಬ್ಬಿನ ರಸದ ಆಹಾರದಾನ ಮಾಡಿದ ದಿನ.
• ಜ್ಯೇಷ್ಠ ಶುಕ್ಲ ಪಂಚಮಿ: ಶ್ರುತಪಂಚಮಿ.
• ಶ್ರಾವಣ ಹುಣ್ಣಿಮೆ: ವಿಷ್ಣುಕುಮಾರ ಮುನಿಗಳು 700 ಮುನಿಗಳ ಉಪಸರ್ಗ ನಿವಾರಿಸಿದ ದಿನ.
• ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿ: ದಶಲಕ್ಷಣ ಪರ್ವ, ಕೊನೆಗೆ ಅನಂತ ಚತುರ್ದಶಿ.
• ಆಷಾಢ, ಕಾರ್ತಿಕ, ಫಾಲ್ಗುಣ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆ: ಅಷ್ಟಾಹ್ನಿಕ ಅಥವಾ ನಂದೀಶ್ವರ ಪರ್ವ.
• ದೀಪಾವಳಿ ಅಮಾವಾಸ್ಯೆ: ಬೆಳಗಿನ ಜಾವ ಪಾವಾಪುರಿಯಲ್ಲಿ ಮಹಾವೀರ ಸ್ವಾಮಿಯ ನಿರ್ವಾಣ, ಸಂಜೆ ಗೌತಮ ಗಣಧರರಿಗೆ ಕೇವಲಜ್ಞಾನ.

ಈ ಕೊನೆಯ ಸಾಲನ್ನು ಅಮಾವಾಸ್ಯೆಗೆ ಹೆದರುವವರು ಗಮನಿಸಬೇಕು. ನಾವು ನಿರ್ವಾಣ ಲಾಡು ಅರ್ಪಿಸುವುದು ಅಮಾವಾಸ್ಯೆಯಂದು. ಅಂದಮೇಲೆ ಆ ತಿಥಿಯಲ್ಲಿ ಹುಟ್ಟಿದ ಹೆಣ್ಣುಮಗಳ ಜಾತಕವನ್ನು ಅಶುಭವೆಂದು ಹಿಂದಿರುಗಿಸುವುದು ಯಾವ ನ್ಯಾಯ?

ಮಂತ್ರಶಾಸ್ತ್ರದ ಮಾತು

ಮಂತ್ರಕ್ಕೆ ನಮ್ಮಲ್ಲಿ ಸ್ಥಾನವೇ ಇಲ್ಲ ಎನ್ನುವುದೂ ಸರಿಯಲ್ಲ. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಇಂದ್ರನಂದಿಯು 939ರಲ್ಲಿ ಜ್ವಾಲಾಮಾಲಿನೀ ಕಲ್ಪವನ್ನು ರಚಿಸಿದನು. 11ನೆಯ ಶತಮಾನದಲ್ಲಿ ಗದಗ ಸೀಮೆಯ ಮುಳಗುಂದದಲ್ಲಿದ್ದ ಮಲ್ಲಿಷೇಣನು ಭೈರವ ಪದ್ಮಾವತೀ ಕಲ್ಪ ಬರೆದನು. ಸ್ತಂಭನ, ವಶೀಕರಣ ಮುಂತಾದ ಕರ್ಮಗಳಿಗೆ ಯಾವ ಕಾಲ, ಯಾವ ದಿಕ್ಕು, ಯಾವ ಆಸನ ಎಂಬುದನ್ನು ಇಂಥ ಗ್ರಂಥಗಳು ಹೇಳುತ್ತವೆ. ಇದು ಇತಿಹಾಸ. ಆದರೆ ಜ್ವಾಲಾಮಾಲಿನೀ ಕಲ್ಪದ ಹಿನ್ನೆಲೆಯ ಕಥೆ ನೋಡಿ. ಹೇಲಾಚಾರ್ಯರು ದೇವಿಯನ್ನು ಸಾಧಿಸಿದ್ದು ಬ್ರಹ್ಮರಾಕ್ಷಸ ಹಿಡಿದಿದ್ದ ಶಿಷ್ಯೆ ಕಮಲಶ್ರೀಯ ಕಷ್ಟ ಕಳೆಯಲು, ತಮ್ಮ ಲಾಭಕ್ಕಲ್ಲ. ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದು ದೇವಮೂಢತೆ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಚ್ಚರಿಸಿದ್ದಾರೆ. ಶಾಸನದೇವತೆಗಳಿಗೆ ಗೌರವ ಸಲ್ಲಿಸೋಣ, ಆದರೆ ಅವರೊಡನೆ ವ್ಯಾಪಾರ ಬೇಡ.

ಒಂದೇ ರಾತ್ರಿ, ಎರಡು ದಾರಿ

ನಿಃಶಂಕಿತ ಅಂಗಕ್ಕೆ ಪ್ರಸಿದ್ಧವಾದ ಅಂಜನ ಚೋರನ ಕಥೆಯಲ್ಲಿ ಈ ವಿಷಯ ಚೆನ್ನಾಗಿ ಬಂದಿದೆ. ಜಿನದತ್ತ ಶೆಟ್ಟಿ ಕೃಷ್ಣ ಚತುರ್ದಶಿಯ ರಾತ್ರಿ ಉಪವಾಸವಿದ್ದು ಸ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿ ನಿಂತಿದ್ದನು. ದೇವರು ಬಂದು ಉಪಸರ್ಗ ಮಾಡಿದರೂ ಅಲುಗಲಿಲ್ಲ. ಅವರು ಮೆಚ್ಚಿ ಆಕಾಶಗಾಮಿನಿ ವಿದ್ಯೆ ಕೊಟ್ಟರು. ಅವನು ಬೇಡಿರಲಿಲ್ಲ. ಸಿಕ್ಕ ವಿದ್ಯೆಯನ್ನು ಮೇರುವಿನ ಚೈತ್ಯಾಲಯಗಳ ದರ್ಶನಕ್ಕೆ ಬಳಸಿದನು.

ಅದೇ ವಿದ್ಯೆ ಬೇಕೆಂದು ಸೋಮದತ್ತ ವಿಧಾನ ಕೇಳಿಕೊಂಡನು. ಅವನೂ ಕೃಷ್ಣ ಚತುರ್ದಶಿಯ ರಾತ್ರಿಯಲ್ಲೇ ಸ್ಮಶಾನದ ಆಲದ ಮರಕ್ಕೆ ನೂರೆಂಟು ಎಳೆಗಳ ಉಯ್ಯಾಲೆ ಕಟ್ಟಿ, ಕೆಳಗೆ ಆಯುಧಗಳನ್ನು ಮೇಲ್ಮುಖವಾಗಿ ನೆಟ್ಟನು. ತಿಥಿ, ಸ್ಥಳ, ಮಂತ್ರ ಎಲ್ಲವೂ ಸರಿಯಾಗಿತ್ತು. ಆದರೆ ಮಂತ್ರ ಸುಳ್ಳಾದರೆ ಏನು ಗತಿ ಎಂದು ಹತ್ತುತ್ತಾ ಇಳಿಯುತ್ತಾ ರಾತ್ರಿ ಕಳೆದನು. ಅಷ್ಟರಲ್ಲಿ ಕಾವಲುಗಾರರಿಂದ ತಪ್ಪಿಸಿಕೊಂಡು ಬಂದ ಅಂಜನ ಚೋರ ಮಂತ್ರ ಕೇಳಿಕೊಂಡು, ಜಿನದತ್ತನ ಮಾತಿನ ಮೇಲೆ ನಂಬಿಕೆಯಿಟ್ಟು ಎಲ್ಲ ಎಳೆಗಳನ್ನೂ ಒಂದೇ ಏಟಿಗೆ ಕತ್ತರಿಸಿದನು. ವಿದ್ಯೆ ಅವನಿಗೆ ಒಲಿಯಿತು. ಅವನು ಕೇಳಿದ್ದು ಜಿನದತ್ತನ ಬಳಿಗೆ ಕರೆದೊಯ್ಯಬೇಕೆಂದು ಮಾತ್ರ. ಮುಂದೆ ದೀಕ್ಷೆ ಪಡೆದು ಮುಕ್ತನಾದನು. ಕೆಲಸ ಮಾಡಿದ್ದು ತಿಥಿಯಲ್ಲ, ಶ್ರದ್ಧೆ.

ಯಮಪಾಲನ ಕಥೆಯೂ ಚತುರ್ದಶಿಯದೇ. ಅವನು ಗಲ್ಲಿಗೇರಿಸುವ ಕೆಲಸದ ಚಂಡಾಲ. ಚತುರ್ದಶಿಯಂದು ಕೊಲ್ಲುವುದಿಲ್ಲ ಎಂದು ಮುನಿಗಳಿಂದ ವ್ರತ ಪಡೆದಿದ್ದನು. ರಾಜಾಜ್ಞೆ ಬಂದರೂ, ಕೊಂದರೆ ಬಹಳ ಒಡವೆ ಸಿಗುತ್ತಿದ್ದರೂ ವ್ರತ ಬಿಡಲಿಲ್ಲ. ಮೊಸಳೆಗಳ ಮಡುವಿಗೆ ಎಸೆದಾಗ ದೇವತೆಗಳು ಅವನನ್ನು ಕಾಪಾಡಿ ಗೌರವಿಸಿದರು.

ಕುಂಬಳಕಾಯಿಯ ವಿಚಾರ

ಜನ್ನನ ಯಶೋಧರ ಚರಿತೆ (1209) ನಮಗೆಲ್ಲ ಗೊತ್ತಿರುವ ಕಥೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಯಶೋಧರ ಬಲಿ ಕೊಟ್ಟದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಕುಂಕುಮ ತುಂಬಿ ರಕ್ತದಂತೆ ಕಾಣುವ ಹಾಗೆ ಕುಂಬಳಕಾಯಿ ಒಡೆಯುವುದು ಇದಕ್ಕಿಂತ ಎಷ್ಟು ದೂರ? ನಾನೂ ಅನೇಕ ವರ್ಷ ಪಕ್ಕದ ಅಂಗಡಿಯವರನ್ನು ನೋಡಿ ಒಡೆದವನೇ. ಒಂದು ದಶಲಕ್ಷಣದಲ್ಲಿ ಈ ಕಥೆಯ ಪ್ರವಚನ ಕೇಳಿ ಮನೆಗೆ ಬಂದ ಮೇಲೆ ಕೈ ಬರಲಿಲ್ಲ, ಬಿಟ್ಟೆ. ವ್ಯಾಪಾರದಲ್ಲಿ ಆ ಮೇಲೂ ಲಾಭವಾಗಿದೆ, ನಷ್ಟವೂ ಆಗಿದೆ, ಮೊದಲಿನಂತೆಯೇ.

ಮನೆಯಲ್ಲಿ ಏನು ಮಾಡಬಹುದು?

ಒಂದು ಹೊತ್ತಿನ ಊಟ ಪ್ರೋಷಧ, ನಾಲ್ಕು ವಿಧದ ಆಹಾರ ಬಿಡುವುದು ಉಪವಾಸ. ಹಿಂದಿನ ಮತ್ತು ಮುಂದಿನ ದಿನ ಒಂದೇ ಹೊತ್ತು ಉಂಡು ನಡುವೆ ಉಪವಾಸ ಮಾಡುವುದು ಪ್ರೋಷಧೋಪವಾಸ. ಉಪವಾಸದ ದಿನ ಆರಂಭವನ್ನೂ, ಅಂದರೆ ವ್ಯಾಪಾರ ವಹಿವಾಟನ್ನೂ, ಅಲಂಕಾರವನ್ನೂ ಬಿಡಬೇಕೆಂದು ಸಮಂತಭದ್ರರು ಹೇಳುತ್ತಾರೆ. ಅಷ್ಟು ಆಗದವರು ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿ ಬಿಡುವುದು, ಏಕಾಶನ ಮಾಡುವುದು, ಬಸದಿಗೆ ಹೋಗಿ ಅಭಿಷೇಕ ನೋಡುವುದು, ಸಂಜೆ ಮಕ್ಕಳ ಜೊತೆ ಸ್ವಾಧ್ಯಾಯಕ್ಕೆ ಕೂರುವುದು ಇವುಗಳಿಂದ ಆರಂಭಿಸಬಹುದು. ವಯಸ್ಸಾದವರು, ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಶಕ್ತಿ ನೋಡಿಕೊಂಡು ಮಾಡಬೇಕು.

ಅಮಾವಾಸ್ಯೆಗೆ ಅಂಗಡಿಯಲ್ಲಿ ಪೂಜೆ ಬೇಕೆನಿಸಿದರೆ ದೀಪ ಹಚ್ಚಿ ಣಮೋಕಾರ ಮಂತ್ರ ನೂರೆಂಟು ಸಲ ಜಪಿಸಿ. ಕುಂಬಳಕಾಯಿಯ ಹಣವನ್ನು ಆಹಾರದಾನಕ್ಕೋ ಔಷಧದಾನಕ್ಕೋ ತೆಗೆದಿಡಿ. ಚಂದ್ರ ಬೆಳೆಯಲಿ, ಕ್ಷೀಣಿಸಲಿ, ನಮ್ಮ ಲೆಕ್ಕ ನಮ್ಮ ಪರಿಣಾಮಗಳ ಮೇಲೆಯೇ ನಡೆಯುತ್ತದೆ.

ಜೈ ಜಿನೇಂದ್ರ.