ಮಣ್ಣು, ಉಪ್ಪು, ಕಲ್ಲು

ಬೈಕಿನಿಂದ ಬಿದ್ದು ನನ್ನ ಬಲ ಅಂಗೈಯ ಮೂಳೆ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ದಿನ ಚಹಾದ ಲೋಟ ಎತ್ತಲೂ ಆಗಲಿಲ್ಲ. ಫಿಸಿಯೋಥೆರಪಿಸ್ಟ್ ಕೊಟ್ಟದ್ದು ಚಪಾತಿ ಹಿಟ್ಟಿನಂಥ ಒಂದು ಮುದ್ದೆ. ಅದನ್ನು ಹಿಸುಕಬೇಕು, ಕೆಲವು ವಾರಗಳಾದ ಮೇಲೆ ಇನ್ನೂ ಗಟ್ಟಿಯಾದದ್ದು, ಕೊನೆಗೆ ಡಂಬೆಲ್. ಆ ಸಲ ಕಾಶಿಗೆ ಹೋದಾಗ ಮುದ್ದೆಯೂ ಚೀಲದಲ್ಲಿತ್ತು.

ತುಳಸಿ ಘಾಟಿನ ಮೇಲೆ ಒಂದು ಅಖಾಡ ಇದೆ, ನಮ್ಮ ಮೈಸೂರಿನ ಗರಡಿಮನೆಯ ಹಾಗೆ. ತುಳಸೀದಾಸರೇ ಕಟ್ಟಿದ್ದೆಂಬ ಪ್ರತೀತಿ. ಹುಡುಗರು ಗದೆ, ಜೋಡಿ ತಿರುಗಿಸುತ್ತಿದ್ದರೆ ನಾನು ಮುದ್ದೆ ಹಿಸುಕುತ್ತ ಕೂತಿದ್ದೆ. ಆಗ ನೆನಪಾದದ್ದು ಇದೇ ಊರಿನ ಹೆಸರು ಹೊತ್ತ ಒಂದು ಹಳೆಯ ಗ್ರಂಥ.

ಸುಶ್ರುತ ಸಂಹಿತೆಯಲ್ಲಿ ಪಾಠ ಹೇಳುವವನು ಕಾಶಿರಾಜ ದಿವೋದಾಸ ಧನ್ವಂತರಿ, ಕೇಳುವವರು ಸುಶ್ರುತ ಮತ್ತು ಅವನ ಸಹಪಾಠಿಗಳು. ವಾಟ್ಸಾಪಿನಲ್ಲಿ ಸುಶ್ರುತನಿಗೆ ಕ್ರಿ.ಪೂ. 600 ಎಂದು ಹುಟ್ಟಿದ ದಿನ ಗೊತ್ತಿದ್ದವರ ಹಾಗೆ ಬರೆಯುತ್ತಾರೆ. ಗ್ರಂಥ ಹಲವು ಶತಮಾನಗಳಲ್ಲಿ ಪದರ ಪದರವಾಗಿ ಬೆಳೆದದ್ದು. ಗಟ್ಟಿ ಆಧಾರ ಬೇಕೆಂದರೆ ಮಧ್ಯ ಏಷ್ಯಾದ ಕುಚಾದಲ್ಲಿ 1890ರಲ್ಲಿ ಬೋವರ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಸೇರಿದ, ಸುಮಾರು 5-6ನೇ ಶತಮಾನದ ಹಸ್ತಪ್ರತಿ ಇದೆ. ಅದರಲ್ಲೂ ಸುಶ್ರುತ ಕಾಶಿರಾಜನ ಮುಂದೆ ನಿಂತು ಪ್ರಶ್ನೆ ಕೇಳುತ್ತಾನೆ, ಬೆಳ್ಳುಳ್ಳಿಯ ಬಗ್ಗೆ!

ಚಿಕಿತ್ಸಾಸ್ಥಾನದ ಮೂರನೇ ಅಧ್ಯಾಯ ಮೂಳೆಮುರಿತದ್ದು. ಮುರಿದವನು ಉಪ್ಪು, ಖಾರ, ಹುಳಿ, ಬಿಸಿಲು ಬಿಡಬೇಕು. ವ್ಯಾಯಾಮವನ್ನೂ ಬಿಡಬೇಕು. ಆಲ, ಅರಳಿ, ಅತ್ತಿ, ಮುತ್ತುಗದ ತೊಗಟೆ ಅಥವಾ ಬಿದಿರಿನ ದಬ್ಬೆ ಇಟ್ಟು ಕಟ್ಟಬೇಕು. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಊದಿಕೊಂಡು ಕೀವಾಗುತ್ತದೆ. ತಂಪು ಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ ಐದಕ್ಕೆ, ಸೆಕೆಯಲ್ಲಿ ಮೂರಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು.

ಅಂಗೈ ಮುರಿತಕ್ಕೆ ಬಂದಾಗ ನಾನು ಎರಡು ಸಲ ಓದಿದೆ. ಕೈಯನ್ನು ಸಮಮಾಡಿ ಕಟ್ಟಿ, ಕಾಯಿಸದ ಎಣ್ಣೆ ಸುರಿಯಬೇಕು. ಆಮೇಲೆ ರೋಗಿ ಮೊದಲು ಮಣ್ಣಿನ ಉಂಡೆ ಹಿಡಿಯಬೇಕು, ನಂತರ ಉಪ್ಪಿನ ಗಟ್ಟಿ, ಕೈಗೆ ಬಲ ಬಂದ ಮೇಲೆ ಕಲ್ಲು. ವ್ಯಾಯಾಮ ಬೇಡವೆಂದ ಅಧ್ಯಾಯವೇ ಕೈಗೆ ಮೆಲ್ಲಗೆ ಕೆಲಸ ಹಚ್ಚುತ್ತದೆ. ಎಷ್ಟನೇ ದಿನ ಕಲ್ಲು ಎಂದು ಲೆಕ್ಕ ಕೊಡುವುದಿಲ್ಲ, ಬಲ ಬಂದ ಮೇಲೆ ಎನ್ನುತ್ತದೆ, ಅಷ್ಟೆ. ಡೆಡ್‌ಲೈನ್ ಹಾಕಿಯೇ ಅನ್ನ ತಿನ್ನುವ ನನಗೆ ಇದು ಸ್ವಲ್ಪ ಚುಚ್ಚಿತು. ಮುದ್ದೆಯ ಹಂತ ಹಾರಿ ಡಂಬೆಲ್ ಎತ್ತಲು ಹೋಗಿ ಒಂದು ವಾರ ಕೈ ಊದಿಸಿಕೊಂಡವನು ನಾನೇ.

ಅದೇ ಸ್ಥಾನದ 24ನೇ ಅಧ್ಯಾಯ ಆರೋಗ್ಯವಂತರ ವ್ಯಾಯಾಮಕ್ಕೆ ಮಿತಿ ಹಾಕುತ್ತದೆ: ಶಕ್ತಿಯ ಅರ್ಧ ಮಾತ್ರ. ಎದೆಯ ಉಸಿರು ಬಾಯಿಗೆ ಬಂದಾಗ ಅರ್ಧ ಮುಗಿಯಿತೆಂದು ತಿಳಿಯಬೇಕು. ಮೀರಿದರೆ ಕ್ಷಯ, ಬಾಯಾರಿಕೆ, ವಾಂತಿ, ಉಬ್ಬಸ, ಜ್ವರ ಎಂದು ಹೆದರಿಸುತ್ತದೆ.

ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಗಾಯಾಳು ಸೈನಿಕರ ಸ್ನಾಯುಗಳಿಗೆ ಹಂತಹಂತವಾಗಿ ಭಾರ ಏರಿಸುವ ಕ್ರಮವನ್ನು 1945ರಲ್ಲಿ ಪ್ರಕಟಿಸಿದ. ಇಂದಿನ ಫಿಸಿಯೋಥೆರಪಿಯ ಬೇರುಗಳಲ್ಲಿ ಅದೂ ಒಂದು. ಅದನ್ನು ಎಳೆದು ಕಾಶಿಗೆ ಗಂಟು ಹಾಕುವ ಆಸೆ ನನಗಿಲ್ಲ. ಆತ ಭಾರಕ್ಕೂ ಆವರ್ತನಕ್ಕೂ ಲೆಕ್ಕವಿಟ್ಟ, ಸಂಹಿತೆ ಇಡಲಿಲ್ಲ. ಮುರಿದ ಕೈಯನ್ನು ನೋಡಿಕೊಂಡವರು ಎಲ್ಲಿದ್ದರೂ ಅದರಿಂದಲೇ ಕಲಿತಿರಬೇಕು.

ಘಾಟಿನಿಂದ ಏಳುವಾಗ ಮೆಟ್ಟಿಲ ಬಳಿ ಬಿದ್ದಿದ್ದ ಒಂದು ಕಲ್ಲನ್ನು ಬಲಗೈಯಲ್ಲಿ ಎತ್ತಿ ನೋಡಿದೆ. ಇನ್ನೂ ನೋವಿತ್ತು. ಇಟ್ಟುಬಿಟ್ಟೆ.